ಮುದ್ದೆಗಾಗಿ ಒಂದು ಫ್ಲೈವೀಲು

ವಸಂತಾ ಮಂಡ್ಯದ ಕಡೆಯವಳು ಎಂಬುದನ್ನು ಕಾಶಿಯ ಕನ್ನಡಿಗರೆಲ್ಲ ವರ್ಷಕ್ಕೊಮ್ಮೆ, ಅದೂ ಸರಿಯಾಗಿ ಊಟದ ಹೊತ್ತಿಗೆ, ಮರೆತುಬಿಡುತ್ತಿದ್ದರು.

ಆ ಊರಿನಲ್ಲಿ ಕನ್ನಡದವರು ಇದ್ದದ್ದೇ ಕಡಿಮೆ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರು ಕೆಲವರು, ಆಸ್ಪತ್ರೆಯ ಡಾಕ್ಟರುಗಳು ಕೆಲವರು, ಜಂಗಮವಾಡಿಯ ಮಠದವರು ಕೆಲವರು. ನವೆಂಬರ್ ತಿಂಗಳ ಒಂದು ಭಾನುವಾರ ಇವರೆಲ್ಲ ಸಾರನಾಥದ ಆಚೆ ಪೇರಲ ತೋಟವೊಂದರ ಪಕ್ಕದ ಬಯಲಿನಲ್ಲಿ ಸೇರಿ, ಬಾವುಟ ಹಾರಿಸಿ, ಹಾಡು ಹೇಳಿ, ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಉಣ್ಣುವುದೇನನ್ನು ಎಂಬ ಮಾತಿಗೆ ಹಿಂದೊಮ್ಮೆ ದೊಡ್ಡ ಜಗಳವಾಗಿತ್ತು. ಬಿಸಿಬೇಳೆಬಾತ್ ಎಂದವರ ಮನೆಗೂ ಗೋಧಿ ಹುಗ್ಗಿ ಎಂದವರ ಮನೆಗೂ ಒಂದು ವರ್ಷ ಮಾತುಕತೆ ನಿಂತುಹೋಗಿತ್ತು. ಆಗ ದಾರಿ ತೋರಿಸಿದವರು ಸಂಗಯ್ಯ ಮೇಷ್ಟ್ರು. ನ್ಯಾಯಶಾಸ್ತ್ರ ಪಾಠ ಹೇಳಿ ನಿವೃತ್ತರಾಗಿದ್ದ ಅವರ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ. ತೆಗೆದುಹಾಕಲು ಹೋದರೆ ಅವರು ವಾದಕ್ಕೆ ಕೂರುತ್ತಿದ್ದರು, ಅದಕ್ಕೆ.

ಅವರು ತೋರಿಸಿದ ದಾರಿ ಎಂದರೆ ಬೈಕಿನ ನಿಧಾನ ಓಟ. ಸುಣ್ಣದ ಈ ಗೆರೆಯಿಂದ ಆ ಗೆರೆಗೆ ಎಲ್ಲರಿಗಿಂತ ಕೊನೆಗೆ ತಲುಪಿದವರು ಗೆದ್ದಂತೆ. ಕಾಲು ನೆಲಕ್ಕೆ ತಾಗಿದರೆ ಔಟ್. ಗೆದ್ದವರು ಬಾಯಲ್ಲಿ ಹೇಳಿದ್ದು ಮುಂದಿನ ವರ್ಷ ಎಲ್ಲರ ಎಲೆಗೆ.

ಓಟ ಶುರುವಾದ ಲಾಗಾಯ್ತು ಗೆದ್ದವರು ಒಬ್ಬರೇ: ಮಠದ ಕಾರಭಾರಿ ಶಿವಬಸಯ್ಯನವರು. ಬಾಗಲಕೋಟೆ ಕಡೆಯವರು, ಎತ್ತರದ ಆಳು, ಹುರಿಮೀಸೆ, ಮಾತು ಅದಕ್ಕಿಂತ ಹುರಿ. ಬೈಕಿನ ಟ್ಯಾಂಕಿಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡು ಬರುತ್ತಿದ್ದರು, ನಿದ್ದೆಗಣ್ಣಿನ ಎಮ್ಮೆಯ ಹಾಗೆ ಬೈಕನ್ನು ತೇಲಿಸಿಕೊಂಡು ಹೋಗಿ ಗೆಲ್ಲುತ್ತಿದ್ದರು, "ಜ್ವಾಳದ ರೊಟ್ಟಿ, ಬದನೀಕಾಯಿ ಎಣಗಾಯಿ" ಎಂದು ಸಾರುತ್ತಿದ್ದರು. ಪ್ರತಿವರ್ಷ ಅದೇ ರೊಟ್ಟಿ, ಅದೇ ಎಣಗಾಯಿ. ಅವರ ಹೆಂಡತಿ ಜಗದಾಂಬ ತಟ್ಟಿದ ರೊಟ್ಟಿ ಕೆಟ್ಟದ್ದೆಂದು ಹೇಳಿದವರ ನಾಲಗೆ ಬಿದ್ದುಹೋದೀತು, ಅದು ನಿಜ. ವಸಂತಾ ಕೂಡ ನಾಲ್ಕು ತಿಂದೇ ಏಳುತ್ತಿದ್ದಳು. ಆದರೆ ಹೋದ ವರ್ಷ ಅವಳು ಕೈ ತೊಳೆಯುತ್ತ, "ಒಂದು ವರ್ಷ ಮುದ್ದೆ ಬಸ್ಸಾರು ಮಾಡ್ಸಿದ್ರೆ ಏನಾಗ್ತದೆ ಶಿವಬಸಯ್ಯನೋರೆ?" ಎಂದು ಮೆಲ್ಲಗೆ ಕೇಳಿದ್ದಕ್ಕೆ ಅವರು ಮೀಸೆಯ ಮೇಲೆ ಕೈಯಾಡಿಸಿ ಹೇಳಿದ್ದರು:

"ಮುದ್ದಿ ನುಂಗೂದು ಊಟ ಅಲ್ರೀ ಮೇಡಮ್ಮಾರ. ಅದು ಗುಳಗಿ ನುಂಗಿಧಂಗ."

ಎಲ್ಲರೂ ನಕ್ಕರು. ಮೂಳೆ ಡಾಕ್ಟರಾಗಿದ್ದ ವಸಂತಾಳ ಗಂಡ ರಮೇಶ ಎಲ್ಲರಿಗಿಂತ ಜೋರಾಗಿ ನಕ್ಕ. ಅವನ ಹುಟ್ಟೂರೂ ಮಂಡ್ಯ ಜಿಲ್ಲೆಯದೇ. ಆ ನಗುವಿಗೆ ಅವನು ಮನೆಯಲ್ಲಿ ಬಹಳ ದಿನ ಉತ್ತರ ಕೊಡಬೇಕಾಯಿತು.

ಈ ವರ್ಷ ಅಕ್ಟೋಬರ್ ಬರುತ್ತಿದ್ದ ಹಾಗೆ ವಸಂತಾ ತೀರ್ಮಾನ ಮಾಡಿಬಿಟ್ಟಳು.

"ರೀ, ಈ ಸಲ ಬೈಕ್ ಓಡ್ಸೋಳು ನಾನು."

ರಮೇಶ ಪೇಪರಿನಿಂದ ತಲೆ ಎತ್ತಿದ. "ಯಾಕೆ? ನಾನು ಓಡಿಸ್ತಿದ್ನಲ್ಲ?"

"ಓಡಿಸ್ತಿದ್ರಿ. ಪ್ರತಿ ಸಲ ಅರ್ಧ ದಾರೀಲಿ ಬೈಕ್ ಆರಿಸ್ಕೊಂಡು ನಿಂತ್ಕೊತಿದ್ರಿ."

"ನಿಧಾನ ಮಾಡಿದ್ರೆ ಅದು ಆರೋಗ್ತದೆ ಕಣೆ. ನಾನೇನ್ ಮಾಡ್ಲಿ?"

"ಯಾಕ್ ಆರ್ತದೆ ಅಂತ ಒಂದ್ ದಿನಾನಾದ್ರೂ ಕೇಳಿದ್ರಾ? ಮನೇಲಿ ಒಬ್ಳು ಮೆಕ್ಯಾನಿಕಲ್ ಇಂಜಿನಿಯರಿಂಗ್ ಪ್ರೊಫೆಸರ್ ಇದಾಳಲ್ಲ, ಬರೀ ಮೊಸರು ಹೆಪ್ಪಾಕೋಕಾ?"

ಈಗ ಪಾಠ ಶುರುವಾಗುತ್ತದೆಂದು ತಿಳಿದು ರಮೇಶ ಪೇಪರ್ ಮಡಚಿಟ್ಟ. ಯಂತ್ರಶಾಸ್ತ್ರದ ವಿಷಯ ಬಂದರೆ ವಸಂತಾಳಿಗೆ ತರಗತಿ, ಅಡುಗೆಮನೆ ಎಂಬ ಭೇದವಿರಲಿಲ್ಲ.

"ನಮ್ಮಜ್ಜಿ ಬೀಸುಕಲ್ಲು ನೆನಪಿದ್ಯಾ?"

"ನಿಮ್ಮಜ್ಜಿ ನೆನಪಿದಾರೆ."

"ಕಲ್ಲು ಭಾರ ಇದ್ರೆ ಕೈ ಬಿಟ್ರೂ ಇನ್ನರ್ಧ ಸುತ್ತು ಹೋಗ್ತದೆ. ಹಗುರ ಇದ್ರೆ ಬಿಟ್ಟ ಜಾಗದಲ್ಲೇ ನಿಲ್ತದೆ. ಎಂಜಿನ್ನೂ ಹಂಗೇ. ಪೆಟ್ರೋಲ್ ಒಂದ್ ಸಲ ಉರಿದ್ರೆ ಒಂದು ಒದೆ ಬೀಳ್ತದೆ. ಮುಂದಿನ ಒದೆ ಬೀಳೋವರ್ಗೂ ಅದನ್ನ ತಿರುಗಿಸ್ಕೊಂಡು ಹೋಗೋದು ಫ್ಲೈವೀಲು. ನಿಧಾನ ಹೋದಷ್ಟೂ ಒದೆಯಿಂದ ಒದೆಗೆ ಹೊತ್ತು ಜಾಸ್ತಿ. ಹಗುರವಾದ ಫ್ಲೈವೀಲಿಗೆ ಅಷ್ಟೊತ್ತು ತಡಕೊಳೋ ತಾಕತ್ತಿಲ್ಲ. ಸತ್ತೋಗ್ತದೆ."

"ಹಂಗಾದ್ರೆ ಕಂಪನಿಯೋರೇ ಭಾರ ಮಾಡ್ಬಹುದಿತ್ತಲ್ಲ?"

"ಭಾರ ಮಾಡಿದ್ರೆ ವೇಗ ಏರೋಕೂ ಹೊತ್ತಾಗ್ತದೆ, ಇಳಿಯೋಕೂ ಹೊತ್ತಾಗ್ತದೆ. ಓಡೋರಿಗೆ ಅದು ಒಗ್ಗಲ್ಲ. ನಮಗೆ ಓಡೋದು ಯಾರಿಗ್ ಬೇಕು?"

ಮನೆಯಲ್ಲಿದ್ದದ್ದು ರಮೇಶ ಮೈಸೂರಿನಿಂದ ರೈಲಿಗೆ ಹಾಕಿ ತಂದ ನೂರು ಸಿಸಿಯ ಹಳೆಯ ಬೈಕು. ಅದರ ಇನ್ನೊಂದು ಗುಣವೂ ವಸಂತಾಳಿಗೆ ಹಿಡಿಸಿತು. ಅದರ ಕ್ಲಚ್ಚು ಎಂಜಿನ್ ತಿರುಗಿಸುವ ದಂಡದ, ಅಂದರೆ ಕ್ರ್ಯಾಂಕಿನ, ತುದಿಯಲ್ಲೇ ಕೂತಿತ್ತು. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತದೋ ಕ್ಲಚ್ಚೂ ಅಷ್ಟೇ ವೇಗದಲ್ಲಿ ತಿರುಗುತ್ತದೆ. ಹಾಗಾಗಿ ಅದರ ತೂಕವೂ ಫ್ಲೈವೀಲಿನ ಲೆಕ್ಕಕ್ಕೇ ಬಿಟ್ಟಿಯಾಗಿ ಸೇರುತ್ತದೆ. ಶಿವಬಸಯ್ಯನವರ ಬೈಕು ಬೇರೆ ಜಾತಿಯದು. ಅದರಲ್ಲಿ ಕ್ಲಚ್ಚು ಕ್ರ್ಯಾಂಕನ್ನು ಬಿಟ್ಟು ಹಿಂದೆ, ಗೇರ್‌ಪೆಟ್ಟಿಗೆಯ ದಂಡದ ಮೇಲೆ ಕೂತಿತ್ತು. ಅಲ್ಲಿ ವೇಗ ಕಡಿಮೆ, ಆದರೆ ಹೊರೆ ಹೆಚ್ಚು. ಅದಕ್ಕೆ ಆ ಕ್ಲಚ್ಚು ತಟ್ಟೆಯಷ್ಟು ದೊಡ್ಡದು, ಇವಳದು ಬಟ್ಟಲಷ್ಟು ಚಿಕ್ಕದು. "ಅವರದ್ದು ಹಿಂದೆ ಇದೆ, ನಮ್ಮದು ಮುಂದೆ ಇದೆ" ಎಂದು ವಸಂತಾ ಹಿಗ್ಗಿದಳು. ಯಾಕೆ ಚಿಕ್ಕದು, ಯಾಕೆ ದೊಡ್ಡದು ಎಂಬುದನ್ನು ಅವಳು ವರ್ಷಕ್ಕೆರಡು ಬಾರಿ ಮಕ್ಕಳಿಗೆ ಪರೀಕ್ಷೆಯಲ್ಲಿ ಕೇಳುತ್ತಿದ್ದಳು. ಆದರೆ ಮುದ್ದೆಯ ಆಸೆ ಹೊಕ್ಕ ತಲೆಯಲ್ಲಿ ಪ್ರಶ್ನೆಪತ್ರಿಕೆಗೆ ಜಾಗವಿರುವುದಿಲ್ಲ.

ವಿಶ್ವವಿದ್ಯಾಲಯದ ಹೆಬ್ಬಾಗಿಲಿನ ಎದುರಿಗಿರುವ ಪೇಟೆಗೆ ಲಂಕಾ ಎಂದು ಹೆಸರು. ಅಲ್ಲಿ ಲಲ್ಲನ್ ಮಿಸ್ತ್ರಿಯ ಗ್ಯಾರೇಜು. ಹುಡುಗರ ಬೈಕುಗಳಲ್ಲಿ ಫ್ಲೈವೀಲಿನ ಕೆಲಸವನ್ನೂ ಮಾಡುವ ಮ್ಯಾಗ್ನೆಟ್ಟು ತೆಗೆದು, ಲೇತಿಗೆ ಕೊಟ್ಟು, ಕೆರೆದು ಹಗುರ ಮಾಡಿ ಓಡುವ ಹಾಗೆ ಮಾಡುವುದರಲ್ಲಿ ಅವನದು ಎತ್ತಿದ ಕೈ. ವಸಂತಾ ತನ್ನ ಬೇಡಿಕೆ ಹೇಳಿದಾಗ ಅವನು ಬಾಯಲ್ಲಿದ್ದ ಪಾನನ್ನು ಕೆನ್ನೆಗೆ ಸರಿಸಿದ.

"ಕಾ ಮೈಡಮ್, ಸಬ್ ಹಲ್ಕಾ ಕರಾವತ್ ಹೌ, ಆಪ್ ಭಾರಿ ಕರಾಇಬ್?"

ಎಲ್ಲರೂ ಹಗುರ ಮಾಡಿಸುತ್ತಾರೆ, ನೀವು ಭಾರ ಮಾಡಿಸುತ್ತೀರಾ ಎಂದು ಅವನ ಪ್ರಶ್ನೆ. ಕ್ಷೌರದಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತು "ಸ್ವಲ್ಪ ಕೂದಲು ಜಾಸ್ತಿ ಮಾಡಪ್ಪ" ಎಂದವರನ್ನು ನೋಡುವ ಹಾಗೆ ಅವಳನ್ನು ನೋಡಿದ. ಆದರೂ ಕೆಲಸ ಮಾಡಿಕೊಟ್ಟ. ಮ್ಯಾಗ್ನೆಟ್ಟಿನ ಸುತ್ತ ಕಬ್ಬಿಣದ ಒಂದು ದಪ್ಪ ಬಳೆ ಬಿಗಿದ. ಮುಚ್ಚಳ ಹಿಡಿಸಲಿಲ್ಲ. ತಗಡು ಬಡಿದು ಬೇರೆ ಮುಚ್ಚಳ ಮಾಡಿದ. ಬೈಕಿನ ಎಡದವಡೆ ಹಲ್ಲುನೋವಿಗೆ ಬಾತುಕೊಂಡವರ ಮುಖದ ಹಾಗಾಯಿತು.

ಚಾಲೂ ಮಾಡಿದಾಗ ಮೊದಲು ಒಂದು ಗೊರಕೆ ಬಂತು. ಆಮೇಲೆ ಇನ್ನೊಂದು. ಎರಡರ ಮಧ್ಯೆ ಒಂದು ಗುಟುಕು ಚಹಾ ಕುಡಿಯಬಹುದಿತ್ತು ಎಂದು ಲಲ್ಲನ್ ಆಮೇಲೆ ಎಲ್ಲರಿಗೂ ಹೇಳಿಕೊಂಡು ಬಂದ. ಡುಗ್... ಡುಗ್... ಡುಗ್... ಆದರೆ ಎಂಜಿನ್ ಸಾಯಲಿಲ್ಲ. ಕೀಲಿ ತಿರುಗಿಸಿ ಜೇಬಿಗೆ ಹಾಕಿಕೊಂಡ ಮೇಲೂ, ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ನಿಂತು ಮಾತಾಡುವ ನೆಂಟರ ಹಾಗೆ, ಒಂದೆರಡು ಸುತ್ತು ತಿರುಗಿಯೇ ನಿಂತಿತು. ವಸಂತಾ ಸಂತೋಷದಿಂದ ಮಿಸ್ತ್ರಿಗೆ ಕೈ ಮುಗಿದಳು. ಅವನು ಗಾಬರಿಯಾಗಿ ಪಾನ್ ನುಂಗಿಬಿಟ್ಟ.

ಅಭ್ಯಾಸಕ್ಕೆ ಎಲ್ಲಿಗೆ ಹೋಗುವುದು? ಕ್ಯಾಂಪಸ್ಸಿನ ರಸ್ತೆಗಳು ಅಗಲ, ಅಲ್ಲಿ ನಿಧಾನವಾಗಿ ಹೋದರೆ ಹಿಂದಿನವರು ಹಾರನ್ ಹೊಡೆಯುತ್ತಾರೆ. ವಸಂತಾ ಯೋಚಿಸಿ, ನಿಧಾನಕ್ಕೆ ಗುರುಗಳೆಂದರೆ ಹಳೆಯ ಊರಿನ ಗೂಳಿಗಳೇ ಎಂದು ಜಂಗಮವಾಡಿಯ ಗಲ್ಲಿಗೆ ಹೋದಳು. ಅಲ್ಲಿ ಭೋಲಾ ಎಂಬ ಗೂಳಿ ದಿನಾ ಬೆಳಿಗ್ಗೆ ತಿಂಡಿ ಮುಗಿಸಿ ವಾಯುಸೇವನೆಗೆ ಹೊರಡುತ್ತಿತ್ತು. ಅಂಗಡಿ ಅಂಗಡಿಗೂ ನಿಂತು, ಯೋಚಿಸಿ, ಬಾಲ ಬೀಸಿ ಮುಂದೆ ಹೋಗುವುದು ಅದರ ಪದ್ಧತಿ. ವಸಂತಾ ಅದರ ಹಿಂದೆ ಬೈಕು ಬಿಟ್ಟಳು.

ಗೂಳಿ ಒಂದು ಹೆಜ್ಜೆ, ಬೈಕು ಡುಗ್. ಗೂಳಿ ಇನ್ನೊಂದು ಹೆಜ್ಜೆ, ಬೈಕು ಡುಗ್. ಎರಡೂ ಒಂದೇ ತಾಳಕ್ಕೆ ಹೊರಟವು. ಸೈಕಲ್ ರಿಕ್ಷಾದವರು ಗೋಡೆಗೆ ಒತ್ತಿ ದಾರಿ ಬಿಟ್ಟರು. ಸೀರೆ ಅಂಗಡಿಯವನು ಇದು ಏನೋ ಹರಕೆ ಇರಬೇಕೆಂದು ಬೈಕಿನ ಹ್ಯಾಂಡಲ್ಲಿಗೆ ಒಂದು ಚೆಂಡುಹೂವಿನ ಹಾರ ಹಾಕಿದ. ಭೋಲಾ ಒಮ್ಮೆ ತಿರುಗಿ ನೋಡಿತು. ತನ್ನನ್ನು ಇಷ್ಟು ತಾಳ್ಮೆಯಿಂದ ಹಿಂಬಾಲಿಸಿದ ಗಾಡಿಯನ್ನು ಅದು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಸಮೀಪಕ್ಕೆ ಬಂದು ಹಾರವನ್ನು ತಿಂದು ಮುಂದೆ ಹೋಯಿತು. ವಸಂತಾಳ ಕಾಲು ಅಷ್ಟರಲ್ಲೂ ನೆಲಕ್ಕೆ ತಾಗಲಿಲ್ಲ.

ಮಠದ ಬಾಗಿಲಲ್ಲಿ ನಿಂತ ಶಿವಬಸಯ್ಯನವರು ಇದನ್ನೆಲ್ಲ ನೋಡಿದರು. ಅವರ ಕೈ ಮೀಸೆಯವರೆಗೆ ಹೋಗಿ ಅಲ್ಲೇ ನಿಂತಿತು.

"ಏನ್ರೀ ಮೇಡಮ್ಮಾರ, ಬಸವಣ್ಣನ ಮೆರವಣಿಗಿ ಹೊಂಟೀರೇನು?"

"ಇಲ್ಲ ಶಿವಬಸಯ್ಯನೋರೆ. ಮುದ್ದೆಗೆ ಎಸರಿಡ್ತಿದೀನಿ."

ಅವರು ಆ ಮಧ್ಯಾಹ್ನವೇ ಲಲ್ಲನ್ ಮಿಸ್ತ್ರಿಯ ಹತ್ತಿರ ಹೋದರು. ಅವರ ಹಿಂದಿ ಕಾಶಿಯ ಹಿಂದಿಯಲ್ಲ, ಬಾಗಲಕೋಟೆಯ ಹಿಂದಿ; ಲಲ್ಲನ್ನನದು ಹಿಂದಿಯೇ ಅಲ್ಲ, ಭೋಜಪುರಿ. ಇಬ್ಬರ ನಡುವೆ ಫ್ಲೈವೀಲಿನ ಸಂಗತಿ ಹಾದುಹೋಗುವಾಗ "ಫ್ಲೈ" ಎಂಬುದು ಎಲ್ಲೋ ಹಾರಿಹೋಗಿ "ವೀಲು" ಮಾತ್ರ ಉಳಿಯಿತು. ಮೇಡಮ್ಮು ವೀಲು ಭಾರ ಮಾಡಿಸಿದ್ದಾರೆ ಎಂದಷ್ಟೇ ಅವರಿಗೆ ತಿಳಿದದ್ದು. ಮನೆಗೆ ಬಂದು ಜಗದಾಂಬ ಅವರ ಮುಂದೆ ತೊಡೆ ತಟ್ಟಿದರು.

"ಅವ್ರು ವೀಲ್ ಒಂದ ಭಾರ ಮಾಡ್ಯಾರ. ನಾ ಇಡೀ ಗಾಡೀನ ಭಾರ ಮಾಡ್ತೀನಿ."

ಆ ಭಾನುವಾರ ಬಂತು. ಸಾರನಾಥದ ಬಯಲಿನಲ್ಲಿ ಎಳೆಬಿಸಿಲು, ಪೇರಲ ಮರಗಳ ಆಚೆ ಗೋಧಿ ಬಿತ್ತಿದ ಹೊಲಗಳು, ಅಲ್ಲಲ್ಲಿ ಮೇಯುವ ಆಡುಗಳು. ಒಂದು ಕಡೆ ಜಗದಾಂಬ ಒಲೆ ಹೂಡಿ ಹಂಚು ಕಾಯಲಿಟ್ಟಿದ್ದರು. ಎಣಗಾಯಿ ಸಿದ್ಧವಾಗಿತ್ತು, ಓಟ ಮುಗಿದ ಕೂಡಲೇ ಬಿಸಿ ರೊಟ್ಟಿ ತಟ್ಟುವುದಷ್ಟೇ ಬಾಕಿ. ಆದರೆ ಹಿಟ್ಟು ಇನ್ನೂ ಬಂದಿರಲಿಲ್ಲ.

ಹಿಟ್ಟು ಬಂದದ್ದು ಶಿವಬಸಯ್ಯನವರ ಬೈಕಿನ ಮೇಲೆ. ಹಿಂದಿನ ಸೀಟಿನ ಆಚೆಗೊಂದು ಈಚೆಗೊಂದು, ಕತ್ತೆಯ ಬೆನ್ನಿನ ಗೋಣಿಗಳ ಹಾಗೆ, ಎರಡು ಪ್ಲಾಸ್ಟಿಕ್ ಚೀಲದ ತುಂಬ ಜೋಳದ ಹಿಟ್ಟು ತೂಗುತ್ತಿತ್ತು.

"ಹಿಟ್ಟು ಇಳಸ್ರಿ, ಹಂಚು ಕಾದೈತಿ" ಎಂದರು ಜಗದಾಂಬ.

"ಓಟ ಮುಗೀಲಿ. ಆಮ್ಯಾಲೆ ಇಳಸೂದು."

ವಸಂತಾ ತಕರಾರು ತೆಗೆದಳು. ಶಿಳ್ಳೆಯನ್ನು ಕೊರಳಿಗೆ ಹಾಕಿಕೊಂಡಿದ್ದ ಸಂಗಯ್ಯ ಮೇಷ್ಟ್ರು ಕಣ್ಣು ಮುಚ್ಚಿ ವಿಚಾರ ಮಾಡಿದರು. "ಸಾಮಾನು ಹೇರಬಾರದು ಅಂತ ನಿಯಮ ಇಲ್ಲ. ಫ್ಲೈವೀಲಿಗೆ ಬಳೆ ತೊಡಿಸಬಾರದು ಅಂತಲೂ ಇಲ್ಲ. ಆದ್ದರಿಂದ ಇಬ್ಬರದೂ ಸರಿ" ಎಂದರು. ವಸಂತಾ ಹೋಗಿ ಬೈಕು ಹತ್ತಿದಳು.

ಮೂರನೆಯ ಸಾಲು ಖಾಲಿಯಿತ್ತು. ಪ್ರತಿವರ್ಷ ಮೂವರಾದರೂ ಇರಲೇಬೇಕೆಂದು ಮೇಷ್ಟ್ರ ಹಟ. ಅಷ್ಟರಲ್ಲಿ ಬ್ಯಾಟರಿ ಸ್ಕೂಟರಿನಲ್ಲಿ ಸದ್ದಿಲ್ಲದೆ ಬಂದು ಇಳಿದವಳು ಶ್ರೀರಮಾ. ಕುಂದಾಪುರದ ಹುಡುಗಿ, ಜೇಡಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು, ಕಂಟೋನ್ಮೆಂಟ್ ಕಡೆ ಬಾಡಿಗೆಗಿದ್ದಳು. ಈ ಕೂಟಕ್ಕೆ ಬಂದದ್ದು ಅದೇ ಮೊದಲು.

"ಬಾರಮ್ಮ, ಈ ಸಾಲಿಗೆ ನಿಲ್ಲು" ಎಂದರು ಮೇಷ್ಟ್ರು.

"ಅಯ್ಯೋ ಇಲ್ಲ ಸಾರ್, ನಾನು ರಾತ್ರಿ ಚಾರ್ಜ್ ಹಾಕಲಿಕ್ಕೆ ಮರ್ತಿದ್ದೆ. ದಾರಿಯಿಡೀ ಕೆಂಪು ದೀಪ ತೋರಿಸ್ತಾ ಉಂಟು."

"ಸುಮ್ಮನೆ ಲೆಕ್ಕಕ್ಕೆ."

ಲೆಕ್ಕಕ್ಕೆಂದು ಅವಳು ನಿಂತಳು. ಅವಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಕ್ಲಚ್ಚಿಲ್ಲ, ಫ್ಲೈವೀಲಿಲ್ಲ, ಗೇರಿಲ್ಲ, ಸದ್ದೂ ಇಲ್ಲ. ಅದನ್ನು ವಸಂತಾ ಗಾಡಿಯೆಂದೇ ಒಪ್ಪುತ್ತಿರಲಿಲ್ಲ. ಮಿಕ್ಸಿಗೆ ಚಕ್ರ ಹಾಕಿದ್ದಾರೆ ಎನ್ನುತ್ತಿದ್ದಳು.

ಮೇಷ್ಟ್ರು ಶಿಳ್ಳೆ ಊದಿದರು.

ವಸಂತಾ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟಳು. ಡುಗ್... ಡುಗ್... ಬೈಕು ಹೊರಟಿತೋ ಇಲ್ಲವೋ ಎಂದು ನೋಡುವವರಿಗೆ ಅನುಮಾನವಾಗಬೇಕು, ಹಾಗೆ ಹೊರಟಿತು. ಪಕ್ಕದ ಸಾಲಿನಲ್ಲಿ ಶಿವಬಸಯ್ಯನವರೂ ಹೊರಟರು. ಅಚ್ಚರಿಯೆಂದರೆ ಹಿಟ್ಟಿನ ಚೀಲಗಳು ಕೆಳಗೆ ತೂಗುತ್ತಿದ್ದುದರಿಂದ ಅವರ ಗಾಡಿ ಅಲುಗಾಡದೆ, ಬಸುರಿ ಎಮ್ಮೆಯ ಹಾಗೆ ಗಂಭೀರವಾಗಿ ಸಾಗಿತು. ದೊಡ್ಡ ಕ್ಲಚ್ಚನ್ನು ಅವರು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಆಡಿಸುತ್ತಿದ್ದರು.

"ಹಗೂರ ಬರ್ರಿ ಮೇಡಮ್ಮಾರ, ಅವಸರ ಏನೈತಿ?"

"ನೀವು ಮುಂದೆ ಹೋಗಿ ಶಿವಬಸಯ್ಯನೋರೆ, ದೊಡ್ಡೋರು."

"ಛೇ ಛೇ, ಹೆಣ್ಮಕ್ಕಳು ಮೊದಲ."

ಹೀಗೆ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಳ್ಳುತ್ತ ಅರ್ಧ ದಾರಿ ಕಳೆಯಿತು. ನೋಡುತ್ತಿದ್ದವರಲ್ಲಿ ಕೆಲವರು ಕೂತರು. ಕೆಲವರು ಪೇರಲಹಣ್ಣು ಕಿತ್ತು ತಿಂದು ಬಂದರು. ಒಬ್ಬರು ಫೋನಿನಲ್ಲಿ ಅತ್ತೆಯ ಆರೋಗ್ಯ ವಿಚಾರಿಸಿ ಮುಗಿಸಿದರು.

ಅಷ್ಟರಲ್ಲಿ ಶಿವಬಸಯ್ಯನವರ ಬಲಗಡೆಯ ಚೀಲ ಸೈಲೆನ್ಸರಿಗೆ ತಾಗಿತು. ಸೈಲೆನ್ಸರು ಕಾದಿತ್ತು. ಪ್ಲಾಸ್ಟಿಕ್ಕು ಮೆಲ್ಲನೆ ಕರಗಿ ಒಂದು ತೂತು ಬಿತ್ತು, ತೂತಿನಿಂದ ಹಿಟ್ಟು ಸಣ್ಣಗೆ ಸುರಿಯತೊಡಗಿತು. ಅವರಿಗೆ ಅದು ಕಾಣಲಿಲ್ಲ. ಕಂಡದ್ದು ಆಡುಗಳಿಗೆ. ಹೊಲದ ಬದುವಿನಿಂದ ಮೊದಲು ಒಂದು ಬಂತು, ಆಮೇಲೆ ಅದರ ಬಳಗವೆಲ್ಲ ಬಂತು.

"ಹಿಟ್ಟು! ಹಿಟ್ಟು!" ಎಂದು ಜಗದಾಂಬ ಸೌಟು ಹಿಡಿದು ಎದ್ದರು.

"ಹುಷ್! ಹುಷ್!" ಎಂದರು ಶಿವಬಸಯ್ಯ. ಆಡುಗಳು ಆ ಭಾಷೆಗೆ ಜಗ್ಗಲಿಲ್ಲ. ಒಂದು ದೊಡ್ಡ ಹೋತ ಬಲಗಡೆಯಿಂದ ನುಗ್ಗಿ ಚೀಲಕ್ಕೇ ಬಾಯಿ ಹಾಕಿ ಎಳೆಯಿತು. ಗಾಡಿ ವಾಲಿತು. ಶಿವಬಸಯ್ಯನವರು ಗಾಬರಿಯಲ್ಲಿ ಬಲಗಾಲು ತೆಗೆದು ಇಟ್ಟೇಬಿಟ್ಟರು. ಆದರೆ ಇಟ್ಟದ್ದು ನೆಲದ ಮೇಲಲ್ಲ, ಹೋತದ ಬೆನ್ನ ಮೇಲೆ.

ಕೂತಿದ್ದವರೆಲ್ಲ ಎದ್ದು ನಿಂತರು.

"ಔಟ್!" ಎಂದು ಕೂಗಿದ ರಮೇಶ.

"ಅದ್ಹೆಂಗ ಔಟ್? ಕಾಲು ನೆಲಕ್ಕ ಹತ್ತೈತೇನು?" ಎಂದರು ಶಿವಬಸಯ್ಯ, ಹೋತದ ಮೇಲೆ ಕಾಲಿಟ್ಟುಕೊಂಡೇ. ಹೋತಕ್ಕೆ ಯಾವ ಆಕ್ಷೇಪಣೆಯೂ ಇರಲಿಲ್ಲ. ಅದು ತಿನ್ನುತ್ತಿತ್ತು.

ಎಲ್ಲರೂ ಸಂಗಯ್ಯ ಮೇಷ್ಟ್ರ ಕಡೆ ನೋಡಿದರು. ನಿವೃತ್ತಿಯಾದ ಮೇಲೆ ಇಷ್ಟು ಒಳ್ಳೆಯ ಪ್ರಶ್ನೆ ಅವರ ಮುಂದೆ ಬಂದಿರಲಿಲ್ಲ. ಅವರ ಮುಖ ಅರಳಿತು.

"ಕಾಲು ಆಡಿನ ಮೇಲಿದೆ. ಆಡು ನೆಲದ ಮೇಲಿದೆ. ಆದ್ದರಿಂದ ಪರಂಪರೆಯಿಂದ ಕಾಲು ನೆಲದ ಮೇಲೇ ಇದೆ. ಔಟ್."

"ಗುರುಗಳ, ಹಂಗಂದ್ರ ಮೇಡಮ್ಮಾರ ಕಾಲು ಗಾಡಿ ಮ್ಯಾಲೈತಿ, ಗಾಡಿ ನೆಲದ ಮ್ಯಾಲೈತಿ. ಅವ್ರೂ ಔಟ್ ಆಗ್ಬೇಕಲ್ರೀ!"

"ಆಹಾ!" ಎಂದರು ಮೇಷ್ಟ್ರು. ಸಂತೋಷಕ್ಕೆ ಅವರ ಕಣ್ಣಲ್ಲಿ ನೀರು ಬಂತು. "ಪೂರ್ವಪಕ್ಷ ಎಂದರೆ ಇದಪ್ಪ. ತಡಿ, ತಡಿ." ಅವರು ಕಣ್ಣು ಮುಚ್ಚಿ ವಿಚಾರಕ್ಕಿಳಿದರು. ವಿಚಾರ ಎಷ್ಟು ಹೊತ್ತು ನಡೆಯುತ್ತಿತ್ತೋ, ಅಷ್ಟರಲ್ಲಿ ಚೀಲ ಪೂರ್ತಿ ಹರಿದು, ತೂಕ ತಪ್ಪಿದ ಎಡಗಡೆಯದೂ ಕಳಚಿ ಒಡೆದು, ಹಿಟ್ಟೆಲ್ಲ ಧುಮ್ಮೆಂದು ನೆಲಕ್ಕೆ ಬಿತ್ತು. ಬಿಳಿಯ ಮೋಡ ಎದ್ದಿತು. ಹೋತಕ್ಕೆ ಇನ್ನು ನಿಂತಲ್ಲೇ ನಿಲ್ಲುವ ಕಾರಣ ಉಳಿಯಲಿಲ್ಲ. ಅದು ಸರಿದು ಹೋಯಿತು. ಶಿವಬಸಯ್ಯನವರ ಕಾಲು ಯಾವ ಪರಂಪರೆಯ ಹಂಗೂ ಇಲ್ಲದೆ ನೆಟ್ಟಗೆ ನೆಲಕ್ಕಿಳಿಯಿತು.

ವಸಂತಾ ಇದನ್ನೆಲ್ಲ ಕಣ್ಣಂಚಿನಲ್ಲೇ ನೋಡಿದಳು. ಗೆರೆ ಇನ್ನು ಎರಡು ಮಾರು. ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಮೇಲೆ ಒಂದು ಚಮಚ ತುಪ್ಪ, ಎಲ್ಲವೂ ಆ ಗೆರೆಯ ಆಚೆ ಹಬೆಯಾಡುತ್ತಿದ್ದವು. ಬೈಕಂತೂ ಅವಳ ಲೆಕ್ಕಕ್ಕಿಂತಲೂ ನಿಧಾನವಾಗಿ ಹೋಗುತ್ತಿತ್ತು. ಅವಳಿಗೆ ತನ್ನ ಬಗ್ಗೆಯೇ ಹೆಮ್ಮೆಯೆನಿಸಿತು. ಇನ್ನೂ ನಿಧಾನವಾಯಿತು. ಹೆಮ್ಮೆ ಹೆಚ್ಚಾಯಿತು. ಆಮೇಲೆ ಮೂಗಿಗೆ ಏನೋ ಸುಟ್ಟ ವಾಸನೆ ಬಂತು.

"ಯಾರ್ರೀ ಅದು, ಎಣಗಾಯಿ ತಳ ಹಿಡಿಸಿದ್ದು?" ಎಂದರು ಜಗದಾಂಬ.

ಅದು ಎಣಗಾಯಿಯಲ್ಲ. ಬಟ್ಟಲಷ್ಟು ಚಿಕ್ಕ ಕ್ಲಚ್ಚಿನೊಳಗೆ, ಎಂಜಿನ್ನಿನ ಪೂರ್ತಿ ವೇಗದಲ್ಲಿ, ಇಷ್ಟು ಹೊತ್ತು ಒಂದಕ್ಕೊಂದು ಉಜ್ಜಿಕೊಂಡ ಪ್ಲೇಟುಗಳ ವಾಸನೆ. ಕ್ರ್ಯಾಂಕಿನ ಮೇಲೆ ಕೂತ ಚಿಕ್ಕ ಕ್ಲಚ್ಚನ್ನು ಬಹಳ ಹೊತ್ತು ಅರ್ಧ ಹಿಡಿದರೆ ಏನಾಗುತ್ತದೆ? ಐದು ಅಂಕ. ಹೋದ ತಿಂಗಳ ಪರೀಕ್ಷೆಯ ಮೂರನೆಯ ಪ್ರಶ್ನೆ ವಸಂತಾಳ ಕಣ್ಣ ಮುಂದೆ ತೇಲಿಬಂತು. ಅವಳು ಕ್ಲಚ್ಚನ್ನು ಪೂರ್ತಿ ಬಿಟ್ಟಳು. ಬೈಕು ಮುಂದೆ ಹೋಗಲಿಲ್ಲ. ಆಕ್ಸಿಲರೇಟರ್ ತಿರುವಿದಳು. ಭಾರವಾದ ಫ್ಲೈವೀಲು ಯೋಚಿಸಿ, ಒಪ್ಪಿ, ಮೆಲ್ಲಗೆ ವೇಗ ಏರಿಸಿತು; ಎಂಜಿನ್ ಗರ್ಜಿಸಿತು; ಬೈಕು ಕದಲಲಿಲ್ಲ. ಇಡೀ ಕಾಶಿಯಲ್ಲಿ ಇಷ್ಟು ಸೊಗಸಾಗಿ ತಿರುಗುವ ಎಂಜಿನ್ ಇನ್ನೊಂದಿರಲಿಲ್ಲ, ಆದರೆ ತಿರುಗಿದ್ದು ಚಕ್ರಕ್ಕೆ ತಲುಪುತ್ತಿರಲಿಲ್ಲ.

"ಹೋಗೇ... ಹೋಗೇ ಮ್ಮಾ..." ಎಂದು ಅವಳು ಟ್ಯಾಂಕನ್ನು ಸವರಿದಳು. ಸೊಂಟ ಮುಂದಕ್ಕೆ ನೂಕಿದಳು. ಕತ್ತು ಉದ್ದ ಮಾಡಿದಳು. ಕತ್ತು ಗೆರೆಯ ಕಡೆ ಒಂದಿಷ್ಟು ಹೋದರೂ ಬೈಕು ಹೋಗಲಿಲ್ಲ. ನಿಂತ ಬೈಕಿನ ಮೇಲೆ ಮನುಷ್ಯರು ಎಷ್ಟು ಹೊತ್ತು ಇರಬಲ್ಲರೋ ಅಷ್ಟು ಹೊತ್ತು ಇದ್ದು, ಕೊನೆಗೆ ವಸಂತಾ ಹಳೆಯ ಗೋಡೆ ಕುಸಿಯುವ ಹಾಗೆ ಎಡಗಡೆಗೆ, ಬಾತ ಮುಚ್ಚಳದ ಮೇಲೆ, ಮೆಲ್ಲಗೆ ಮಲಗಿದಳು.

ರಮೇಶ ಓಡಿ ಬಂದು ಅವಳ ಮೊಣಕಾಲು, ಮೊಣಕೈ, ಭುಜ ಎಲ್ಲ ಒತ್ತಿ ನೋಡಿದ. "ಮೂಳೆ ಎಲ್ಲ ಸರಿಯಿದೆ ಕಣೆ."

"ಮೂಳೆ ಯಾರಿಗ್ ಬೇಕು? ಕ್ಲಚ್ಚು ಹೋಯ್ತು!" ಎಂದು ವಸಂತಾ ಅತ್ತೇಬಿಟ್ಟಳು. ಬೈಕು ಅವಳ ಪಕ್ಕದಲ್ಲಿ ಮಲಗಿಕೊಂಡೇ ಡುಗ್ ಡುಗ್ ಎನ್ನುತ್ತಿತ್ತು.

ಹಾಗಾದರೆ ಗೆದ್ದವರು ಯಾರು ಎಂಬ ಮಾತು ಎದ್ದಿತು. ಹಿಟ್ಟಿನಲ್ಲಿ ಮಿಂದು ನಿಂತ ಶಿವಬಸಯ್ಯನವರು ತಾವೇ ಎಂದರು. ನೆಲದಲ್ಲಿ ಕೂತಿದ್ದ ವಸಂತಾ ತಾನೇ ಎಂದಳು. ಮೇಷ್ಟ್ರು ಕೈ ಎತ್ತಿ ಇಬ್ಬರನ್ನೂ ಸುಮ್ಮನಿರಿಸಿ ಮೂರನೆಯ ಸಾಲಿನ ಕಡೆ ಬೊಟ್ಟು ಮಾಡಿದರು.

ಮೂರನೆಯ ಸಾಲಿನ ಮಧ್ಯದಲ್ಲಿ ಶ್ರೀರಮಾ ಬರುತ್ತಿದ್ದಳು. ಬ್ಯಾಟರಿ ತಳ ಕಂಡಾಗ ಆ ಸ್ಕೂಟರು ತಾನಾಗಿಯೇ ಆಮೆಯ ನಡಿಗೆಗೆ ಇಳಿಯುತ್ತಿತ್ತಂತೆ. ಅವಳು ಎಷ್ಟು ತಿರುವಿದರೂ ಅದು ಅದೇ ನಡಿಗೆಯಲ್ಲಿ, ಕಾಲು ಮೇಲೆ ಇಟ್ಟುಕೊಂಡು ಮುಖ ಕೆಂಪಗೆ ಮಾಡಿಕೊಂಡ ಅವಳನ್ನು ಹೊತ್ತು, ಸದ್ದಿಲ್ಲದೆ ತೆವಳುತ್ತಿತ್ತು. ಒಂದು ಆಡು ಅವಳ ಜೊತೆಗೆ ನಡೆದು ಬೇಸರ ಬಂದು ಮುಂದೆ ಹೋಯಿತು. ಎಲ್ಲರೂ ಗೆರೆಯ ಹತ್ತಿರ ಬಂದು ನಿಂತು ನೋಡಿದರು. ಗೆರೆ ದಾಟಿದ ಕೂಡಲೇ ಸ್ಕೂಟರು "ಟುಂಯ್" ಎಂದು ಆರಿಹೋಯಿತು.

"ಸಾರಿ, ತುಂಬ ಲೇಟಾಯ್ತು" ಎಂದಳು ಶ್ರೀರಮಾ. "ಇಲ್ಲಿ ಚಾರ್ಜ್ ಹಾಕಲಿಕ್ಕೆ ಎಲ್ಲಾದ್ರೂ ಆಗ್ತದಾ?"

ಸಂಗಯ್ಯ ಮೇಷ್ಟ್ರು ಅವಳ ಕೈ ಎತ್ತಿ ಹಿಡಿದರು. ನಿಯಮದ ಪ್ರಕಾರ ಅವಳು ಹೇಳುವುದು ಮುಂದಿನ ವರ್ಷದ ಊಟ. ಆದರೆ ಈ ವರ್ಷದ ಊಟವನ್ನು ಆಡುಗಳು ಆಗಲೇ ಮುಗಿಸುತ್ತ ಬಂದಿದ್ದವು. ಹೊಟ್ಟೆ ಎಲ್ಲರಿಗೂ ಚುರುಗುಟ್ಟುತ್ತಿತ್ತು. ಇವತ್ತಿನದನ್ನೂ ನೀನೇ ಹೇಳಮ್ಮ ಎಂದರು. ನೀರುದೋಸೆಯೋ, ಕಡುಬೋ ಎಂದು ಎಲ್ಲರೂ ಅವಳ ಬಾಯಿ ನೋಡಿದರು.

"ಬರುವಾಗ ರಸ್ತೆ ಬದಿಯಲ್ಲಿ ಬಾಟಿ ಚೋಖಾ ಸುಡ್ತಾ ಇದ್ರು. ಎಂತ ಪರಿಮಳ ಅಂತೀರಿ! ಅದೇ ತರ್ಸಿದ್ರೆ ಆಗ್ದಾ? ಬರುವ ವರ್ಷಕ್ಕೂ ಅದೇ ಇರ್ಲಿ."

ಕನ್ನಡದ ಬಾವುಟದ ಕೆಳಗೆ ಕೂತು ಬಾಟಿ ಚೋಖಾ! ಕೆಂಡದಲ್ಲಿ ಸುಟ್ಟ ಗೋಧಿಹಿಟ್ಟಿನ ಉಂಡೆ, ಸುಟ್ಟ ಬದನೆಕಾಯಿಯ ಗೊಜ್ಜು. ಬಿಸಿಬೇಳೆಬಾತಿನವರೂ ಹುಗ್ಗಿಯವರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹಸಿವು ಮಾತಾಡಿತು. ಬುಟ್ಟಿಗಟ್ಟಲೆ ಬಾಟಿ ಬಂತು, ಜಗದಾಂಬ ಎಣಗಾಯಿಯನ್ನೂ ಅದರ ಜೊತೆಗೇ ಬಡಿಸಿದರು. ತುಪ್ಪದಲ್ಲಿ ಅದ್ದಿದ ಬಾಟಿಯನ್ನು ಮುರಿಯುತ್ತ ವಸಂತಾ ಮೂಗೊರೆಸಿಕೊಂಡಳು.

"ದುಂಡಗಿದೆ. ಒಂದ್ ಲೆಕ್ಕಕ್ಕೆ ಇದೂ ಮುದ್ದೇನೇ."

"ಹಿಟ್ಟು ಕಲಸಿ ಬೆಂಕ್ಯಾಗ ಸುಟ್ಟದ್ದು ಮುದ್ದಿ ಹ್ಯಾಂಗಾಕ್ಕೈತ್ರೀ? ದಪ್ಪನ್ನ ರೊಟ್ಟಿ ಇದು" ಎಂದರು ಶಿವಬಸಯ್ಯ, ಮೀಸೆಯಿಂದ ಹಿಟ್ಟು ಉದುರಿಸುತ್ತ. ಇಬ್ಬರೂ ಹಾಗೆ ಜಗಳವಾಡುತ್ತಲೇ ಉಳಿದವರಿಗಿಂತ ಎರಡೆರಡು ಹೆಚ್ಚು ತಿಂದರು.

ಸಂಜೆ ವಸಂತಾಳ ಬೈಕನ್ನು ಮಠದ ಟೆಂಪೋಗೆ ಹೇರಿದರು. ಶಿವಬಸಯ್ಯನವರ ಸೈಲೆನ್ಸರಿಗೆ ಪ್ಲಾಸ್ಟಿಕ್ಕು ಅಂಟಿ ಹೊಗೆಯಾಡುತ್ತಿದ್ದುದರಿಂದ ಅವರದನ್ನೂ ಅದರ ಪಕ್ಕಕ್ಕೆ ಹೇರಿದರು. ಹಿಂದೆ ಬೈಕುಗಳ ನಡುವೆ ವಸಂತಾ, ರಮೇಶ, ಶಿವಬಸಯ್ಯ ಕೂತರು. ಜಗದಾಂಬ ಗಂಡನ ಮುಖ ನೋಡಲು ಮನಸ್ಸಿಲ್ಲದೆ ಮುಂದೆ ಡ್ರೈವರನ ಪಕ್ಕ ಕೂತಿದ್ದರು. ಟೆಂಪೋ ಸಾರನಾಥ ದಾಟಿತು.

"ಮೇಡಮ್ಮಾರ" ಎಂದರು ಶಿವಬಸಯ್ಯ, ಧ್ವನಿ ತಗ್ಗಿಸಿ. "ಖರೇ ಹೇಳ್ರಿ. ನಿಮ್ಮ ಆ ವೀಲಿನ ಬಳಿ, ಅದು ಭಾಳ ಛಲೋ ಐತೇನು?"

"ಬಳೆ ಚೆನ್ನಾಗೇ ಇದೆ. ಬೈಕ್ ಬಿದ್ರೂ ಎಂಜಿನ್ ಆರ್ಲಿಲ್ಲ, ನೋಡಿದ್ರಲ್ಲ. ಕ್ಲಚ್ಚು ಚಿಕ್ಕದು, ಅದೇ ಕೈಕೊಡ್ತು." ಅವಳು ಅವರ ಬೈಕಿನ ಬಲಗಡೆಯ ದೊಡ್ಡ ಮುಚ್ಚಳವನ್ನು ಬೆರಳಿನಿಂದ ತಟ್ಟಿದಳು. "ನಿಮ್ಮದು ಇಲ್ಲಿ ಹಿಂದೆ ಕೂತಿದೆ. ನಿಧಾನ ತಿರುಗ್ತದೆ, ದೊಡ್ಡದಿದೆ. ದಿನವೆಲ್ಲ ಅರ್ಧ ಹಿಡಿದ್ರೂ ಏನೂ ಆಗಲ್ಲ."

ಇಬ್ಬರ ಕಣ್ಣೂ ಒಂದು ಬೈಕಿನಿಂದ ಇನ್ನೊಂದಕ್ಕೆ ಹೋಗಿ ಬಂದವು.

"ನಿಮ್ಮ ಬಳಿ, ನಮ್ಮ ಕ್ಲಚ್" ಎಂದರು ಶಿವಬಸಯ್ಯ.

"ಒಂದ್ ಹೊತ್ತು ರೊಟ್ಟಿ, ಒಂದ್ ಹೊತ್ತು ಮುದ್ದೆ" ಎಂದಳು ವಸಂತಾ.

"ಆ ಕುಂದಾಪುರದ ಹುಡಿಗಿ?"

"ಅವಳಿಗೆ ಯಾರಾದ್ರೂ ಮುಂಚೆನೇ ಚಾರ್ಜ್ ಹಾಕಿ ಇಡ್ಬೇಕು. ಪೂರ್ತಿ."

ಶಿವಬಸಯ್ಯನವರು ತೊಡೆ ತಟ್ಟಿ ನಕ್ಕರು. ಅವರ ಧೋತರದಿಂದ ಎದ್ದ ಹಿಟ್ಟಿಗೆ ರಮೇಶ ಸೀನಿದ. "ಹಂಗಾರ ಠರಾವ್ ಆತು. ಓಡಸಾಂವ ನಾನ."

"ನೀವಾ? ಲೆಕ್ಕ ಎಲ್ಲ ನಂದು. ಓಡ್ಸೋಳು ನಾನು."

"ಗಾಡಿ ನಂದ್ರೀ!"

"ಫ್ಲೈವೀಲ್ ನಂದು!"

"ಫ್ಲೈ ನಿಮ್ದು, ವೀಲ್ ನಂದು!"

ಟೆಂಪೋ ಕಂಟೋನ್ಮೆಂಟ್ ಸೇತುವೆಯ ಕೆಳಗೆ ರಿಕ್ಷಾಗಳ ನಡುವೆ ಸಿಕ್ಕಿಕೊಂಡು ನಿಂತಿತು. ಇಬ್ಬರಿಗೂ ಅದು ತಿಳಿಯಲಿಲ್ಲ. ರಮೇಶ ಜೇಬಿನಲ್ಲಿ ಉಳಿದಿದ್ದ ಒಂದು ಬಾಟಿಯನ್ನು ತೆಗೆದು, ಇಬ್ಬರಿಗೂ ಬೆನ್ನು ತಿರುಗಿಸಿ, ನೆಮ್ಮದಿಯಾಗಿ ಅಗಿಯತೊಡಗಿದ.